ಎರಡು ಕೆಂಪಿನ ಅಂಗಳ

ಸಿದ್ದರಾಜುವಿನ ಮನೆಯಂಗಳದ ಕಲ್ಲು ಎರಡು ಬಣ್ಣಕ್ಕೆ ತಿರುಗಿದ್ದರಲ್ಲಿ ಕಲ್ಲಿನ ತಪ್ಪೇನೂ ಇರಲಿಲ್ಲ. ಕಲ್ಲು ಪಾಪ ಏನು ಮಾಡೀತು. ಅದನ್ನು ಅಚ್ಚು ಹೊಯ್ದವರು ಇಬ್ಬರು, ಹಾಸಿದವನು ಒಬ್ಬ, ಹಾಸಿಸಿದವನು ಸಿದ್ದರಾಜು. ಮೊದಲ ಮೂವರನ್ನು ಬೇಕಾದರೆ ಬಿಟ್ಟುಬಿಡಬಹುದು. ಸಿದ್ದರಾಜುವನ್ನು ಮಾತ್ರ ಬಿಡುವಂತಿಲ್ಲ, ಯಾಕೆಂದರೆ ಅರವತ್ತು ದಾಟುವವರೆಗೂ ಅವನು ಬದುಕಿದ್ದೇ ಹಾಗೆ.

ಹೆಮ್ಮರಗಾಲದಲ್ಲಿ ಅವನ ಮನೆ. ಗೇಟಿನಿಂದ ಮೆಟ್ಟಿಲವರೆಗೆ ಒಂದು ಕಾರು ಸಲೀಸಾಗಿ ಬರುವಷ್ಟು ಅಗಲದ ಅಂಗಳ. ಕಳೆದ ಮಳೆಗಾಲದಲ್ಲಿ ಅಳಿಯ ಕುಮಾರನ ಕಾರು ಅಲ್ಲೇ ಕೆಸರಿಗೆ ಹೂತುಕೊಂಡು, ಪಕ್ಕದ ಮನೆಯ ಟ್ರ್ಯಾಕ್ಟರ್ ತಂದು ಎಳೆಸಬೇಕಾಯಿತು. ಮಗಳು ಲಿಖಿತಾ ಆಗ ಮೂರು ತಿಂಗಳ ಬಸುರಿ. ಕಾರಿನೊಳಗೇ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಸಿದ್ದರಾಜುವಿಗೆ ನಗು ಬರಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಹೊತ್ತಿಗೆ ಅಂಗಳಕ್ಕೆ ಕಲ್ಲು ಹಾಸಿಸಿಯೇ ತೀರುತ್ತೇನೆ ಎಂದು ಅವತ್ತು ಸಂಜೆ ಹೆಂಡತಿ ದೇವೀರಮ್ಮನಿಗೆ ಮಾತು ಕೊಟ್ಟ.

ಬೇಕಾದಷ್ಟು ದಿನವಿತ್ತು. ಏಳನೇ ತಿಂಗಳಲ್ಲಿ ಬಳೆ ತೊಡಿಸಿ ಕರೆದುಕೊಂಡು ಬರುವುದು ಈ ಕಡೆಯ ಪದ್ಧತಿ. ಏಳು ತಪ್ಪಿದರೆ ಕಷ್ಟ, ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ, ಒಂಬತ್ತು ಬೀಳುವವರೆಗೆ ಕಾಯಬೇಕು. ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ಇಲ್ಲೇ ಹೇಳಿಬಿಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಈಗ ಸಿದ್ದರಾಜುವಿನ ವಿಷಯ. ಊರಿನ ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವನು. ಹಾಲಿನ ಡಿಗ್ರಿ ಕಡಿಮೆ ಬಂತು ಎಂದು ಜಗಳಕ್ಕೆ ಬಂದವರಿಗೆ 'ನಿನ್ನ ಹಾಲು ಚೆನ್ನಾಗೇ ಅದೆ ಕಣಪ್ಪ, ಮಿಷನ್ನು ಸರಿ ಇಲ್ಲ' ಅನ್ನುತ್ತಿದ್ದ. ಮಿಷನ್ನು ನೋಡಲು ಬಂದ ಮೈಸೂರಿನ ಸಾಹೇಬರಿಗೆ 'ಮಿಷನ್ನು ಚೆನ್ನಾಗೇ ಅದೆ ಸಾ, ಹಾಲು ಸರಿ ಇಲ್ಲ' ಅನ್ನುತ್ತಿದ್ದ. ಪಂಚಾಯ್ತಿ ಚುನಾವಣೆಯಲ್ಲಿ ಎದುರಾಳಿಗಳಿಬ್ಬರೂ ಅವನ ಓಟನ್ನು ತಮ್ಮ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತಿದ್ದರು. ಒಂದೇ ದಿನ ಎರಡು ಮನೆಯಲ್ಲಿ ಬೀಗರೂಟವಿದ್ದರೆ ಎರಡೂ ಕಡೆ ಉಂಡು, ರಾತ್ರಿ ಹೊಟ್ಟೆ ಹಿಡಿದುಕೊಂಡು ಓಂಕಾಳು ನೀರು ಕುಡಿಯುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ ಎಂದು ಊರಿನವರು ಆಡಿಕೊಂಡರೂ ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟು ಬರುವಷ್ಟು ಅವನು ಯಾರಿಗೂ ಎದುರು ನಿಂತಿದ್ದೇ ಇಲ್ಲ.

ಇದು ಹುಟ್ಟುಗುಣವಲ್ಲ, ಕಲಿತದ್ದು. ಅವನು ಚಿಕ್ಕವನಿದ್ದಾಗ ಅಪ್ಪನೂ ಚಿಕ್ಕಪ್ಪನೂ ಪಾಲಾಗಿ, ಇದ್ದೊಂದು ಹಟ್ಟಿಮನೆಯ ನಡುವೆ ಗೋಡೆ ಎದ್ದಿತು. ಮಕ್ಕಳಿಲ್ಲದ ಚಿಕ್ಕಮ್ಮ ಅವನನ್ನು ಹೆತ್ತವಳಿಗಿಂತ ಹೆಚ್ಚಾಗಿ ಎತ್ತಾಡಿಸಿದವಳು. ಆ ಕಡೆ ಉಂಡರೆ ಅಮ್ಮನ ಮುಖ ಬಾಡುತ್ತಿತ್ತು, ಈ ಕಡೆ ಉಂಡರೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಮೂಗು ಸೀಟುವುದು ಗೋಡೆ ದಾಟಿ ಕೇಳುತ್ತಿತ್ತು. ಹುಡುಗ ಮಧ್ಯಾಹ್ನ ಅಲ್ಲಿ, ಸಂಜೆ ಇಲ್ಲಿ ಉಣ್ಣುವುದನ್ನು ಕಲಿತ. ಎರಡೂ ಕಡೆ 'ನಿನ್ ಕೈ ರುಚಿನೇ ರುಚಿ' ಅನ್ನುವುದನ್ನೂ ಕಲಿತ. ಹಾಗೆ ಕಲಿತದ್ದನ್ನು ಮರೆಯಲು ಒಂದು ಜನ್ಮ ಸಾಲದು.

ಕಲ್ಲಿನ ಮಾತಿಗೆ ಬರೋಣ. ದೇವೀರಮ್ಮನ ತಮ್ಮ ಬೆಟ್ಟಸ್ವಾಮಿ ತಿ. ನರಸೀಪುರದ ಹತ್ತಿರ ಸಿಮೆಂಟು ಹೊಯ್ದು ಇಂಟರ್‌ಲಾಕ್ ಕಲ್ಲು ಮಾಡುವ ಶೆಡ್ಡು ಹಾಕಿಕೊಂಡಿದ್ದ. ಲಿಖಿತಾಳ ಮಾವ ಮಹಾದೇವಸ್ವಾಮಿ ನಂಜನಗೂಡಿನಲ್ಲಿ ಅದೇ ಕಲ್ಲಿನ ಫ್ಯಾಕ್ಟರಿ ಇಟ್ಟುಕೊಂಡಿದ್ದರು. ಒಬ್ಬ ಬಾಮೈದ, ಒಬ್ಬರು ಬೀಗರು. ಇಬ್ಬರ ನಡುವೆ ಹೆಮ್ಮರಗಾಲ, ಹೆಮ್ಮರಗಾಲದ ನಡುವೆ ಸಿದ್ದರಾಜು.

"ಅಕ್ಕನ ಮನೆ ಅಂಗ್ಳಕ್ಕೆ ಕಲ್ಲು ನಂದೇ ಭಾವ. ದುಡ್ಡಿನ ಮಾತೆತ್ತಿದ್ರೆ ನಾನು ನಿಮ್ ಮನೆ ಮೆಟ್ಲು ತುಳಿಯಕಿಲ್ಲ" ಎಂದು ಬೆಟ್ಟಸ್ವಾಮಿ ಫೋನು ಮಾಡಿದ.

ಸಿದ್ದರಾಜು "ಆಗ್ಲಿ" ಅಂದ.

ಆ ವಾರವೇ ಮಹಾದೇವಸ್ವಾಮಿ ಸಿಕ್ಕಿ, "ಬೀಗ್ರೇ, ಸೊಸೆ ಬಾಣಂತನ ಮಾಡೋ ಮನೆ ಅದು. ನಮ್ ಫ್ಯಾಕ್ಟ್ರಿ ಇಟ್ಕೊಂಡು ಬೇರೆಯೋರ ಕಲ್ಲು ಹಾಕ್ಸಿದ್ರೆ ಜನ ನಮ್ಮನ್ನ ಏನಂದಾರು?" ಎಂದರು.

ಸಿದ್ದರಾಜು ಅದಕ್ಕೂ "ಆಗ್ಲಿ" ಅಂದ.

ಇಬ್ಬರೂ ಕಲ್ಲನ್ನು ಉಡುಗೊರೆಯಾಗಿ ಕೊಟ್ಟರು. ಅದೇ ಕೆಟ್ಟದ್ದು. ದುಡ್ಡಿನ ವ್ಯವಹಾರವಾಗಿದ್ದರೆ ಬಿಡಿಸಿಕೊಳ್ಳಬಹುದಿತ್ತು, ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡ ಅನ್ನುವುದು ಹೇಗೆ? ಬೇರೆ ಯಾರಾದರೂ ಆಗಿದ್ದರೆ ಒಬ್ಬರ ಕಲ್ಲನ್ನು ಅಂಗಳಕ್ಕೆ ಹಾಸಿಸಿ, ಇನ್ನೊಬ್ಬರದನ್ನು ಹಿತ್ತಿಲಿಗೆ ಹಾಸಿಸುತ್ತಿದ್ದರು. ಹಿತ್ತಿಲು ಅಂದರೆ ಅವಮಾನ ಎಂದು ಸಿದ್ದರಾಜುವಿಗೆ ಅನ್ನಿಸಿತು. ಅರ್ಧ ಅವರದು, ಅರ್ಧ ಇವರದು ಎಂದು ತೀರ್ಮಾನಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಬ್ಬರಿಗೂ ಬೇರೆಬೇರೆಯಾಗಿ, "ಅವರ್ದೂ ವಸಿ ಇರ್ತದೆ, ಜಾಸ್ತಿ ನಿಮ್ದೇ" ಎಂದು ಹೇಳಿ ಒಪ್ಪಿಸಿದ. ಬೆಟ್ಟಸ್ವಾಮಿಯ ಒಂದು ಕಲ್ಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ, ಬೀಗರ ಕಲ್ಲಿನ ಪಕ್ಕ ಇಟ್ಟು ನೋಡಿದ. ಅಚ್ಚು ಒಂದೇ, ದಪ್ಪ ಒಂದೇ, ಎರಡೂ ಕೆಂಪು. ಶೆಡ್ಡಿನ ಧೂಳು ಕೂತ ಕಲ್ಲು ಎಲ್ಲವೂ ಒಂದೇ ಥರ ಕಾಣುತ್ತದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಹಾಸಲು ಬಂದವನು ತಲಕಾಡಿನ ಕಡೆಯ ಚೆಲುವರಾಜು ಮೇಸ್ತ್ರಿ. ಜಲ್ಲಿಪುಡಿ ಹರವಿ ಮಟ್ಟ ಮಾಡಿ, ಎರಡು ಲೋಡನ್ನೂ ನೋಡಿ ಅವನು ಕೇಳಿದ, "ಸಾ, ಎರಡೂ ರಾಶಿಯಿಂದ ಒಂದೊಂದು ತಗದು ಕಲಸಿ ಆಕ್ಲಾ?"

ಸಿದ್ದರಾಜು ಯೋಚಿಸಿದ. ಕಲಸಿದರೆ ಅವರ ಕಲ್ಲು ಯಾವುದು ಎಂದು ಬೀಗರಿಗೆ ತೋರಿಸುವುದು ಹೇಗೆ? ಬಾಮೈದನಿಗೆ ತೋರಿಸುವುದು ಹೇಗೆ? ಕೊಟ್ಟವರು ಬಂದಾಗ ಕಣ್ಣಿಗೆ ಕಾಣಬೇಕಲ್ಲ.

"ಬ್ಯಾಡ. ಎಡಗಡೆ ಬಾಮೈದಂದು, ಬಲಗಡೆ ಬೀಗರ್ದು. ಮಧ್ಯಕ್ಕೆ ದಾರ ಇಡಿದುಬುಡು" ಅಂದ.

ಮೇಸ್ತ್ರಿ ಎರಡನೆಯ ಸಲ ಕೇಳಲಿಲ್ಲ. ಮನೆ ಯಜಮಾನ ಹೇಳಿದ ಮೇಲೆ ಅವನಿಗೇನು.

ಕಾರ್ತೀಕದ ಕೊನೆಯಲ್ಲಿ ಅಕಾಲದ ಮಳೆಯೊಂದು ಬಂದು ಅಂಗಳವನ್ನು ತೊಳೆದುಕೊಂಡು ಹೋಯಿತು. ಬೆಳಿಗ್ಗೆ ಸಿದ್ದರಾಜು ಬಾಗಿಲು ತೆಗೆದು ನೋಡಿದರೆ, ಎಡಗಡೆಯದು ಸುಟ್ಟ ಇಟ್ಟಿಗೆಯ ಕೆಂಪು, ಬಲಗಡೆಯದು ಈರುಳ್ಳಿ ಸಿಪ್ಪೆಯ ಕೆಂಪು. ಒಬ್ಬರು ಬೆರೆಸಿದ ಜಲ್ಲಿಪುಡಿ ಕಪ್ಪು, ಇನ್ನೊಬ್ಬರದು ಬಿಳಿಚು. ಒಂದೇ ಬಣ್ಣ ಹಾಕಿದರೂ ಅದು ಒಂದೇ ಆಗಿ ಬರುವುದಿಲ್ಲ. ಗೇಟಿನಿಂದ ಮೆಟ್ಟಿಲವರೆಗೆ ನಡುವೆ ಒಂದು ಗೆರೆ, ಬೈತಲೆ ತೆಗೆದ ಹಾಗೆ. ಹಾಲು ಹಾಕಿ ಬರುತ್ತಿದ್ದ ಮಂಚಮ್ಮ ಗೇಟಿನಲ್ಲಿ ನಿಂತು ನೋಡಿ, "ಇದೇನ್ ಸಿದ್ರಾಜಣ್ಣ, ಅಂಗ್ಳನೂ ಪಾಲಾಯ್ತಾ?" ಎಂದು ಕೇಳಿ ಹೋದಳು. ತಮಾಷೆಗೇ ಕೇಳಿದ್ದಳು. ಸಿದ್ದರಾಜುವಿಗೆ ಹಟ್ಟಿಯ ನಡುವೆ ಎದ್ದಿದ್ದ ಹಳೆಯ ಗೋಡೆ ಕಣ್ಣಿಗೆ ಕಟ್ಟಿ, ತಿಂಡಿ ಸೇರಲಿಲ್ಲ.

ಬೆಟ್ಟಸ್ವಾಮಿ ಬಂದು ನೋಡಿದ. "ನೋಡಿ ಭಾವ, ನಂದು ಎಂಗ್ ಒಳೀತಾ ಅದೆ. ಆ ಕಡೆದ ಕಿತ್ತಾಕ್ಸಿ, ಪೂರ್ತಿ ನಾನೇ ಕೊಡ್ತೀನಿ."

ಸಿದ್ದರಾಜು "ಕೀಳಿಸ್ತೀನಿ" ಅಂದ.

ಮಹಾದೇವಸ್ವಾಮಿ ಬಂದು ನೋಡಿದರು. "ಆ ಕಡೆದು ಯಾಕೋ ಕರ್ರಗಾಯ್ತಲ್ಲ ಬೀಗ್ರೇ. ಅದನ್ನ ತೆಗ್ಸಿಬಿಡಿ. ಇನ್ನೊಂದು ಲೋಡು ಕಳಿಸ್ತೀನಿ."

ಸಿದ್ದರಾಜು "ತೆಗ್ಸ್ತೀನಿ" ಅಂದ.

ಕಳ್ಳನಿಗೊಂದು ಪಿಳ್ಳೆ ನೆವ. ಮಾರ್ಗಶಿರ ಮುಗಿಯಲಿ, ಮೇಸ್ತ್ರಿ ಸಿಗುತ್ತಿಲ್ಲ, ಧನುರ್ಮಾಸದಲ್ಲಿ ಬೇಡ ಎಂದು ದಿನ ದೂಡಿದ. ಬಾಮೈದ ಬರುತ್ತಾನೆ ಎಂದು ಗೊತ್ತಾದರೆ ಬೀಗರ ಅರ್ಧದ ಮೇಲೆ ಟಾರ್ಪಾಲು ಹಾಸಿ ಅವರೆಕಾಯಿ ಒಣಹಾಕುತ್ತಿದ್ದ. ಬೀಗರು ಬರುತ್ತಾರೆ ಎಂದರೆ ಅದೇ ಟಾರ್ಪಾಲು, ಅದೇ ಅವರೆಕಾಯಿ ಆ ಕಡೆಗೆ. ಟಾರ್ಪಾಲಿನ ಅಡಿಯ ಕಲ್ಲು ಕಿತ್ತಾಗಿದೆ ಎಂದು ಇಬ್ಬರೂ ನಂಬಿದರು. ದೇವೀರಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಮ್ಮನ ಕಡೆಗೇ ಅವಳ ಮನಸ್ಸು ವಾಲಿದ್ದು ನಿಜ. ಆದರೆ ಮಗಳನ್ನು ಕಳಿಸಬೇಕಾದವರು ಬೀಗರು. ಅವಳಿಗೂ ಬಾಯಿ ಬಿಡುವಂತಿರಲಿಲ್ಲ.

ಲಿಖಿತಾಳಿಗೆ ಏಳು ಬಿತ್ತು. ಅವಳಿಗೆಂದು ಸಿದ್ದರಾಜು ಮೂಲೆಯ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಸೊಳ್ಳೆಪರದೆ ಹಾಕಿಸಿ, ಬಾಣಂತಿ ಸ್ನಾನಕ್ಕೆ ಹಂಡೆ ಬೆಳಗಿಸಿ ಇಟ್ಟಿದ್ದ. ದಿನಕ್ಕೊಂದು ಸಲವಾದರೂ ಆ ಕೋಣೆಯ ಬಾಗಿಲು ತೆಗೆದು ನೋಡಿ ಮುಚ್ಚುತ್ತಿದ್ದ. ಬಳೆ ಶಾಸ್ತ್ರಕ್ಕೆ ದಿನ ಇಡಬೇಕು. ಅದಕ್ಕೆ ಬೀಗರ ಒಪ್ಪಿಗೆ ಬೇಕು, ಸೋದರಮಾವ ಸೀರೆ ಹಿಡಿದು ಮುಂದೆ ನಿಲ್ಲಬೇಕು. ಇಬ್ಬರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸದೆ ದಾರಿಯಿರಲಿಲ್ಲ.

ಅವರಾಗಿಯೇ ಒಂದು ದಿನ ಬಂದರು, ಇಬ್ಬರೂ ಒಂದೇ ಹೊತ್ತಿಗೆ. ಸುತ್ತೂರಿಗೆ ಬಂದಿದ್ದ ಮಹಾದೇವಸ್ವಾಮಿ ಫೋನು ಮಾಡಿ, ದಿನ ಗೊತ್ತು ಮಾಡಿಯೇಬಿಡೋಣ, ಹಾಗೇ ಬರುತ್ತೇನೆ ಅಂದರು. ಫೋನಿಡುವಷ್ಟರಲ್ಲಿ ಬೆಟ್ಟಸ್ವಾಮಿಯ ಕರೆ. ನಂಜನಗೂಡಿಗೆ ಹೊರಟಿದ್ದಾನೆ, ಅಕ್ಕನನ್ನು ಮಾತಾಡಿಸಿಕೊಂಡು ಹೋಗುತ್ತಾನೆ. ಸಿದ್ದರಾಜು ಟಾರ್ಪಾಲು ತರಲು ಓಡಿದ. ಟಾರ್ಪಾಲು ಒಂದೇ ಇತ್ತು, ಮುಚ್ಚಬೇಕಾದ ಕಡೆ ಎರಡು.

ಹಿತ್ತಿಲಲ್ಲಿ ಕಿತ್ತು ಒಟ್ಟಿದ್ದ ಹುರುಳಿ ಗಿಡದ ಮೆದೆಯಿತ್ತು. ಈ ಸೀಮೆಯಲ್ಲಿ ಹುರುಳಿಯನ್ನು ಟಾರು ರಸ್ತೆಗೆ ಹರವಿ, ಓಡಾಡುವ ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ. ಸಿದ್ದರಾಜು ಪಂಚೆ ಮೇಲೆ ಕಟ್ಟಿ, ಮೆದೆಯನ್ನು ತಬ್ಬಿ ತಬ್ಬಿ ತಂದು ಅಂಗಳದ ತುಂಬ ಮೊಣಕಾಲೆತ್ತರಕ್ಕೆ ಹರವಿದ. ಒಂದು ಕಲ್ಲೂ ಕಾಣದಂತೆ ಮುಚ್ಚಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಬೀಗರ ಕಾರು ಗೇಟಿನಲ್ಲಿ ನಿಂತು ಹಾರ್ನು ಹೊಡೆಯಿತು.

"ಅತ್ತಿಸಿ ಬೀಗ್ರೇ, ಅತ್ತಿಸಿ. ಒಕ್ಕಣೆ ಆಯ್ತದೆ" ಎಂದು ಸಿದ್ದರಾಜು ನಗುನಗುತ್ತಾ ಕೈಬೀಸಿದ.

ಮಹಾದೇವಸ್ವಾಮಿ ಹತ್ತಿಸಿದರು. ಒಣಗಿದ ಹುರುಳಿಯ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡಿತು, ಕಾಳಿನ ಮೇಲೆ ಚಕ್ರ ಜಾರಿತು. ಅವರು ಹಿಂದಕ್ಕೆ ತೆಗೆದು ಮುಂದಕ್ಕೆ ನುಗ್ಗಿಸಿದ ರಭಸಕ್ಕೆ ಅಂಗಳದ ಹೊದಿಕೆ ಪೂರ್ತಿ ಕಾರಿನ ಜೊತೆ ಸರಿದು ಮೆಟ್ಟಿಲ ಬುಡಕ್ಕೆ ಗುಡ್ಡೆಬಿತ್ತು. ಹಿಂದೆ ಉಳಿದದ್ದು ಬೋಳು ಅಂಗಳ, ಎಡಕ್ಕೆ ಒಂದು ಕೆಂಪು, ಬಲಕ್ಕೆ ಒಂದು ಕೆಂಪು. ಅಷ್ಟರಲ್ಲಿ ಬೆಟ್ಟಸ್ವಾಮಿಯ ಬೈಕೂ ಗೇಟಿಗೆ ಬಂದು ನಿಂತಿತ್ತು.

ಇಬ್ಬರೂ ಇಳಿದು ಅವರವರ ಕಲ್ಲಿನ ಮೇಲೆ ನಿಂತರು. ಹೇಳಿ ಮಾಡಿಸಿದ ಹಾಗಿತ್ತು.

"ಬೀಗ್ರ ಕಲ್ಲು ಕೀಳಿಸ್ತೀನಿ ಅಂತ ನಂಗೆ ಏಳಿರ್ಲಿಲ್ವಾ ಭಾವ?" ಬೆಟ್ಟಸ್ವಾಮಿ ಕೇಳಿದ.

"ಹಂಗಾ?" ಎಂದು ಮಹಾದೇವಸ್ವಾಮಿ ಸಿದ್ದರಾಜುವಿನ ಕಡೆ ತಿರುಗಿದರು. "ನಂಗೆ ಅವರ್ದು ತೆಗಿಸ್ತೀನಿ ಅಂದಿದ್ರಿ."

ಸಿದ್ದರಾಜು ಗೆರೆಯ ಮೇಲೆ ನಿಂತಿದ್ದ. ಅತ್ತ ಹೆಜ್ಜೆಯಿಟ್ಟರೆ ಮಗಳು ಹೋದಳು, ಇತ್ತ ಇಟ್ಟರೆ ಹೆಂಡತಿಯ ತವರು ಹೋಯಿತು.

ಮಹಾದೇವಸ್ವಾಮಿ ದನಿ ಏರಿಸುವವರಲ್ಲ. "ಅಂಗಳ ಒಂದು ಬಣ್ಣ ಆಗ್ಲಿ ಬೀಗ್ರೇ. ಆಮೇಲೆ ಸೊಸೆ ಕಳಿಸೋ ಮಾತು" ಎಂದು ಕಾರು ಹತ್ತಿದರು.

"ಅವ್ರ ಕಲ್ಲು ಇರೋ ಅಂಗ್ಳಕ್ಕೆ ನಾನು ಸೀರೆ ಇಡ್ಕಂಡು ಬರಕಿಲ್ಲ. ಅಕ್ಕ, ನೀನು ಬೇಜಾರು ಮಾಡ್ಕಬ್ಯಾಡ" ಎಂದು ಬೆಟ್ಟಸ್ವಾಮಿ ಬೈಕು ತಿರುಗಿಸಿದ.

ಅವತ್ತಿನಿಂದ ಸಿದ್ದರಾಜು ಸಿಕ್ಕಿಬಿದ್ದ. ಗೇಟು ತೆರೆದೇ ಇತ್ತು, ಆದರೂ ಮನೆ ಬಿಟ್ಟು ಹೊರಡಲಾರ. ಊರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ, ಕಲ್ಲು ಏನಾಯ್ತು, ಮಗಳು ಯಾವಾಗ ಬತ್ತಾಳೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನು ಏನು ಉತ್ತರ ಕೊಟ್ಟಾನು? ಬಿಳಿಚಿದ ಕಡೆಗೆ ಕೆಂಪು ಆಕ್ಸೈಡು ಕಲಸಿ ತಾನೇ ಬಳಿದ. ಅದು ದೇವೀರಮ್ಮನ ಅಂಗಾಲಿಗೆ ಹತ್ತಿ ಮನೆಯೊಳಗೆಲ್ಲ ಕೆಂಪು ಹೆಜ್ಜೆ ಮೂಡಿತು. ಹೆರಿಗೆಯ ಮನೆಯಲ್ಲಿ ಇದೇನು ಅಪಶಕುನ ಎಂದು ಅವಳು ಅಳುತ್ತಾ ಒರೆಸಿದಳು. ಇಡೀ ಅಂಗಳಕ್ಕೆ ಸಗಣಿ ಸಾರಿಸಿದ. ಎರಡು ದಿನ ಒಂದೇ ಬಣ್ಣವಾಗಿ ಕಂಡು, ಆಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಮೇಸ್ತ್ರಿಗೆ ಫೋನು ಮಾಡಿದರೆ, "ಬಿಸಿಲು ಮಳೆ ಕುಡಿದ್ರೆ ಒಂದೆರಡು ವರ್ಸಕ್ಕೆ ಅದೇ ಒಂದಾಯ್ತದೆ ಸಾ" ಅಂದ. ಮಗಳ ಹೊಟ್ಟೆಯಲ್ಲಿರುವುದು ಒಂದೆರಡು ವರ್ಷ ಕಾಯುವಂಥದ್ದೇ?

ಲಿಖಿತಾ ಸಂಜೆ ಹೊತ್ತು ಫೋನು ಮಾಡುತ್ತಿದ್ದಳು. "ಹೇಗಿದೀರಪ್ಪ?" "ಚೆನ್ನಾಗಿವ್ನಿ ಕಣವ್ವ. ಕಲ್ಲಿಂದೊಂದು ಆಗೋಗ್ಲಿ." ಅವಳು ಹೂಂ ಅನ್ನುತ್ತಿದ್ದಳು. ಆಮೇಲೆ ಫೋನು ಅಮ್ಮನ ಕೈಗೆ ಹೋಗುತ್ತಿತ್ತು.

ದಾರಿ ಹೊಳೆದದ್ದು ಡೈರಿಯಲ್ಲಿ. ನಿವೃತ್ತನಾದ ಮೇಲೂ ತನ್ನ ಒಂದು ಹಸುವಿನ ಹಾಲನ್ನು ಬೆಳಿಗ್ಗೆ ಅಲ್ಲಿಗೇ ಹಾಕುತ್ತಿದ್ದ. ಸಾಲಿನಲ್ಲಿ ಅವನ ಮುಂದೆ ಮಂಚಮ್ಮ, ಹಿಂದೆ ಅವಳೊಡನೆ ಬದುವಿನ ವ್ಯಾಜ್ಯದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಓರಗಿತ್ತಿ. ಮಂಚಮ್ಮನ ಹಾಲು ಕ್ಯಾನಿಗೆ ಬಿತ್ತು, ಸಿದ್ದರಾಜುವಿನದು ಬಿತ್ತು, ಓರಗಿತ್ತಿಯದೂ ಬಿತ್ತು. ಮೂವತ್ತು ವರ್ಷ ಕಣ್ಣೆದುರೇ ನಡೆದದ್ದನ್ನು ಅವನು ಅವತ್ತು ಕ್ಯಾನಿನೊಳಗೆ ಬಗ್ಗಿ ನೋಡಿದ. ಈಗ ಕಾರ್ಯದರ್ಶಿಯಾಗಿದ್ದ ಅಮೃತೇಶ್, "ಏನ್ ಸಿದ್ರಾಜಣ್ಣ, ಹಾಲೊಳಗೆ ಏನಾರ ಬಿತ್ತಾ?" ಎಂದು ಕೇಳಿದ.

"ಇಲ್ಲ ಕಣಪ್ಪ" ಎಂದು ಹೇಳಿ, ಸಿದ್ದರಾಜು ಅಲ್ಲಿಂದಲೇ ಚೆಲುವರಾಜುವಿಗೆ ಫೋನು ಹಚ್ಚಿದ. "ಪೂರ್ತಿ ಎಬ್ಬುಸ್ಬುಡು ಮೇಸ್ತ್ರಿ. ಕಲಸಿ ಆಕು."

"ಅವತ್ತೇ ಕೇಳಿದ್ನಲ್ಲ ಸಾ."

"ನೀ ಕೇಳಿದ್ದೆ. ಈಗ ಬಾ."

ಈ ಒಂದು ಮಾತನ್ನು ಅವನು ಬೀಗರನ್ನೂ ಕೇಳಲಿಲ್ಲ, ಬಾಮೈದನನ್ನೂ ಕೇಳಲಿಲ್ಲ. ಹೆಂಡತಿಗೂ ಹೇಳಿದ್ದು ಮೇಸ್ತ್ರಿ ಬಂದು ಸನಿಕೆ ಊರಿದ ಮೇಲೆ. ದೇವೀರಮ್ಮ ಮೊದಲು ಬೆಚ್ಚಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತಾನೂ ಕಲ್ಲು ಹೊತ್ತಳು. ಎಡಗಡೆಯ ಕಲ್ಲು ಒಂದು ರಾಶಿ, ಬಲಗಡೆಯದು ಒಂದು ರಾಶಿ. ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಇದರಿಂದ ಎರಡು, ಅದರಿಂದ ಒಂದು, ಮತ್ತೆ ಅದರಿಂದ ಎರಡು ಎಂದು ಕೈಗೆ ಬಂದ ಹಾಗೆ ಕೇಳುತ್ತಿದ್ದ, ಗಂಡ ಹೆಂಡತಿ ಎತ್ತಿಕೊಡುತ್ತಿದ್ದರು. ಲೆಕ್ಕ ಹಿಡಿದು ಸಾಲು ಮಾಡಿದರೆ ಪಟ್ಟೆ ಬೀಳುತ್ತದೆ, ಲೆಕ್ಕ ಬಿಡಬೇಕು ಅಂದ. ಅದು ಸಿದ್ದರಾಜುವಿಗೆ ಕಷ್ಟವಾಯಿತು. ಅವನ ಕೈ ತಾನಾಗಿಯೇ ಆ ಕಡೆಯದೊಂದು, ಈ ಕಡೆಯದೊಂದು ಎಂದು ಸಮ ಮಾಡುತ್ತಿತ್ತು.

ಕೆಲಸ ಮುಗಿದು ಸಂದಿಗೆ ಪುಡಿ ಗುಡಿಸಿ ನೀರು ಚಿಮುಕಿಸಿದಾಗ ಅಂಗಳ ಕಂದು ಮಚ್ಚೆಯ ಹಸುವಿನ ಮೈಯ ಹಾಗೆ ಕಾಣುತ್ತಿತ್ತು. ಬೇಕೆಂದೇ ಮಾಡಿಸಿದ ಡಿಸೈನು ಎಂದು ಯಾರಾದರೂ ಹೇಳಬೇಕು. ಯಾವ ಕಲ್ಲು ಯಾರದೆಂದು ಈಗ ಕೊಟ್ಟವರಿಗೂ ಗೊತ್ತಾಗುವಂತಿರಲಿಲ್ಲ.

ಸಿದ್ದರಾಜು ಇಬ್ಬರಿಗೂ ಫೋನು ಮಾಡಿ ಬಂದು ನೋಡಿ ಅಂದ. ಇಬ್ಬರೂ "ನೋಡಾಣ" ಅಂದರು. ಅವನು ಮೆಟ್ಟಿಲ ಮೇಲೆ ಕೂತು ಕಾದ. ಬೀಗರು ಬಂದು ಒಪ್ಪಲಿ, ಬಾಮೈದ ಬಂದು ಒಪ್ಪಲಿ, ಆಮೇಲೆ ದಿನ ಇಟ್ಟರಾಯಿತು. ಹೀಗೇ ಕಾಯುತ್ತಾ ಒಂದು ವಾರ ಹೋಯಿತು. ನೋಡಿ ನೋಡಿ ದೇವೀರಮ್ಮನಿಗೆ ರೇಗಿತು.

"ಕಲ್ಲು ಕಲ್ಸೋ ಧೈರ್ಯ ಬಂತು. ಬೀಗ್ರ ಮನೆ ಮೆಟ್ಲು ಅತ್ತೋ ಧೈರ್ಯ ಬರ್ನಿಲ್ವಾ ನಿಮ್ಗೆ?"

ಮರುದಿನ ಬೆಳಿಗ್ಗೆ ಸಿದ್ದರಾಜು ಒಗೆದ ಪಂಚೆ ಉಟ್ಟು, ಬಾಳೆಹಣ್ಣು, ಎಲೆಯಡಿಕೆ, ಹೂ ಹಿಡಿದು ನಂಜನಗೂಡಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೀಗರಿಗೆ ಹೇಳಬೇಕಾದ ಮಾತನ್ನು ಕೂಡಿಸಿದ, ಕಳೆದ. ನಿಮ್ಮ ಕಲ್ಲು ಕೀಳಿಸಿಲ್ಲ, ಅವರದೂ ಕೀಳಿಸಿಲ್ಲ ಎನ್ನುವುದನ್ನು ಯಾವ ತುದಿಯಿಂದ ಶುರುಮಾಡುವುದು? ಬಸ್ಸಿಳಿಯುವ ಹೊತ್ತಿಗೂ ತೀರ್ಮಾನವಾಗಿರಲಿಲ್ಲ.

ಮಹಾದೇವಸ್ವಾಮಿ ಫ್ಯಾಕ್ಟರಿಗೆ ಹೋಗಿದ್ದರು. ಕುಮಾರನೂ ಇರಲಿಲ್ಲ. ಬೀಗಿತ್ತಿ ನೀರು ಕೊಟ್ಟು ಕೂರಿಸಿ, ಹಣ್ಣು ಹೂ ನೋಡಿದ ಕೂಡಲೇ ಮುಖ ಚಿಕ್ಕದು ಮಾಡಿಕೊಂಡರು.

"ಕರ್ಕೊಂಡೋಗಕ್ಕೆ ಬಂದ್ರಾ ಬೀಗ್ರೇ? ಮೊನ್ನೆ ಶುಕ್ರವಾರಕ್ಕೆ ಎಂಟು ಬಿತ್ತಲ್ಲ. ಈಗ ಹೆಂಗೆ ಕಳಿಸಾದು?"

ಸಿದ್ದರಾಜು ಲೋಟವನ್ನು ಕೆಳಗಿಟ್ಟ. ಬೀಗಿತ್ತಿ ಕಾಫಿಗೆಂದು ಒಳಗೆ ಹೋದರು. ಲಿಖಿತಾ ಗೋಡೆ ಹಿಡಿದು ನಿಧಾನಕ್ಕೆ ಬಂದು ಅವನೆದುರು ಕೂತಳು. ಮುಖ ತುಂಬಿಕೊಂಡಿತ್ತು, ಕಾಲು ಊದಿತ್ತು. ಅಪ್ಪನ ಬಾಯಿಗೆ ಕಲ್ಲಿನ ಮಾತೇ ಬಂತು.

"ಅಂಗ್ಳ ಈಗ ಚೆನ್ನಾಗಾಯ್ತು ಕಣವ್ವ. ಪೂರ್ತಿ ಎಬ್ಬುಸಿ ಕಲಸಿ ಆಕ್ಸಿದೆ. ನಿಮ್ ಮಾವನೋರೂ ಏನೂ ಅನ್ನಂಗಿಲ್ಲ, ನಿಮ್ ಸೋದರಮಾವನೂ..."

"ಅಪ್ಪ."

ಅವನು ನಿಲ್ಲಿಸಿದ.

"ಬ್ಯಾಗು ತುಂಬಿಟ್ಕೊಂಡು ಒಂದು ತಿಂಗಳಾಯ್ತಪ್ಪ." ಅವಳು ಬಾಗಿಲ ಮೂಲೆಯತ್ತ ನೋಡಿದಳು. ನೀಲಿ ಬಣ್ಣದ ದೊಡ್ಡ ಬ್ಯಾಗು, ಜಿಪ್ಪು ಎಳೆದು ತಯಾರಾಗಿ ಗೋಡೆಗೆ ಒರಗಿತ್ತು. ಮೇಲೆ ತೆಳ್ಳಗೆ ಧೂಳು ಕೂತಿತ್ತು. "ಮಾವ ಅವತ್ತು ಸಿಟ್ಟಲ್ಲಿ ಅಂದ್ರು ಅಷ್ಟೇ. ಮಾರನೇ ದಿನಾನೇ, ನಿಮ್ಮಪ್ಪ ಬಂದ್ರೆ ಕಳಿಸಿ ಅಂತ ಅತ್ತೆಗೆ ಹೇಳಿದ್ರು. ನೀವು ಬಂದು 'ನಡಿ ಮಗಳೇ' ಅಂದಿದ್ರೆ ಯಾರೂ ತಡೀತಿರ್ಲಿಲ್ಲ. ದಿನಾ ಕಾಯ್ತಿದ್ದೆ. ನೀವು ಫೋನಲ್ಲಿ ಕಲ್ಲಿನ ವಿಷ್ಯ ಹೇಳ್ತಿದ್ರಿ."

ಅವಳು ಅಳಲಿಲ್ಲ, ದೂರುವ ದನಿಯೂ ಇರಲಿಲ್ಲ. ಅದಕ್ಕೇ ಅದು ನೇರ ಎದೆಗೆ ಬಂದು ತಾಕಿತು. ಮಗಳು ಬರಲಾಗದೆ ಸಿಕ್ಕಿಬಿದ್ದಿದ್ದಾಳೆ, ತಾನು ಬಿಡಿಸುತ್ತಿದ್ದೇನೆ ಎಂದುಕೊಂಡಿದ್ದ. ಅವಳನ್ನು ಯಾರೂ ಕಟ್ಟಿಹಾಕಿರಲಿಲ್ಲ. ಇಬ್ಬರ ಮುಖ ನೋಡುತ್ತಾ ನಿಂತವನಿಗೆ, ನೋಡಬೇಕಾದ ಮೂರನೆಯ ಮುಖವೊಂದಿದೆ ಎಂಬುದೇ ಮರೆತುಹೋಗಿತ್ತು. ಸಿದ್ದರಾಜು ತಲೆ ತಗ್ಗಿಸಿ ಕೂತ. ಕಣ್ಣೀರು ಒಗೆದ ಪಂಚೆಯ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

ಕಾಫಿ ಬಂತು, ಕುಡಿದ. ಹೊರಡಲು ಎದ್ದಾಗ ಲಿಖಿತಾ ಬ್ಯಾಗನ್ನು ಕಾಲಲ್ಲೇ ಅವನತ್ತ ಮೆಲ್ಲಗೆ ತಳ್ಳಿದಳು.

"ಇದನ್ನ ತಗೊಂಡು ಹೋಗಿರಿ. ಒಂಬತ್ತು ಬಿದ್ದ ದಿನ ಬೆಳಿಗ್ಗೆ ಬನ್ನಿ. ಯಾರನ್ನೂ ಕೇಳ್ಬೇಡಿ."

ಬಸ್ಸಿನಲ್ಲಿ ಅವನು ಬ್ಯಾಗನ್ನು ಮೇಲಿಡದೆ ತೊಡೆಯ ಮೇಲೇ ಇಟ್ಟುಕೊಂಡ. ಸುತ್ತೂರು ಹತ್ತಿರವಾಗುವಾಗ ಫೋನು ಬಡಿದುಕೊಂಡಿತು. ಬೀಗರು. ಮನೆಗೆ ಬಂದು ಹೋದ ಸುದ್ದಿ ತಲುಪಿರಬೇಕು. ಅದು ನಿಂತ ಮೇಲೆ ಬೆಟ್ಟಸ್ವಾಮಿಯ ಕರೆ. ಅಂಗಳ ಕಲಸಿದ್ದನ್ನು ಅವನು ಯಾರಿಂದಲೋ ಕೇಳಿರಬೇಕು. ಸಿದ್ದರಾಜು ಎರಡನ್ನೂ ಎತ್ತಲಿಲ್ಲ. ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ.

ದೇವೀರಮ್ಮ ಗೇಟಿನಲ್ಲೇ ನಿಂತಿದ್ದಳು. ಮೊದಲು ಬ್ಯಾಗು ನೋಡಿದಳು, ಆಮೇಲೆ ಅವನ ಬೆನ್ನ ಹಿಂದಿನ ರಸ್ತೆ ನೋಡಿದಳು.

"ಎಂಟು ಬಿದ್ದುಬುಡ್ತು ಕಣೆ" ಅಂದ ಸಿದ್ದರಾಜು. "ನನ್ನಿಂದ್ಲೇ ತಪ್ಪೋಯ್ತು. ಒಂಬತ್ತಕ್ಕೆ ನಾನೇ ಓಗಿ ಕರ್ಕಂಡು ಬತ್ತೀನಿ."

"ಬೀಗ್ರು ಒಪ್ಪುದ್ರಾ?"

"ಕೇಳ್ನಿಲ್ಲ."

"ಮತ್ತೆ ಬೆಟ್ಟಸ್ವಾಮಿಗೆ ಏಳ್ಬೇಕಲ್ಲ, ಸೀರೆ..."

"ಬಂದ್ರೆ ಬರ್ಲಿ" ಎಂದು ಸಿದ್ದರಾಜು ಬ್ಯಾಗು ಹೊತ್ತು ಅಂಗಳ ದಾಟಿ, ಕೆಳಗೆ ನೋಡದೆ ಒಳಗೆ ನಡೆದ.